ಬಿಳಿಯ ಕೋಟಿನ ಬರಿಯ ಜೇಬು

ಮಗ ಡಾಕ್ಟರಾದನೆಂದರೆ, ಮಗಳು ಡಾಕ್ಟರಾದಳೆಂದರೆ, ಇನ್ನು ಮನೆಯ ಕಷ್ಟ ಕಳೆಯಿತೆಂಬ ನಂಬಿಕೆ ನಮ್ಮ ಮಧ್ಯಮ ವರ್ಗದ ಸಂಸಾರಗಳಲ್ಲಿ ಬಹುಕಾಲದಿಂದ ಬೇರೂರಿದೆ. ಮದುವೆಯ ಮಾತುಕತೆಯಲ್ಲಿ ‘ಹುಡುಗ ಡಾಕ್ಟರು’ ಎಂಬ ಎರಡು ಮಾತಿಗಿರುವ ತೂಕ ತೋಟ ಗದ್ದೆಗಳ ಪಟ್ಟಿಗೂ ಇಲ್ಲ. ಆದರೆ ಆ ಗೌರವವನ್ನು ಹೊತ್ತು ರಾತ್ರಿಯೆಲ್ಲ ವಾರ್ಡಿನಿಂದ ವಾರ್ಡಿಗೆ ಓಡಾಡುವ ಕಿರಿಯ ವೈದ್ಯನ ಪಾಸ್‌ಬುಕ್ಕನ್ನು ತೆರೆದು ನೋಡಿದವರು ವಿರಳ. ನೋಡಿದರೆ ಅಲ್ಲಿ ಕಾಣುವುದು ಸಿರಿಯಲ್ಲ; ತಿಂಗಳ ಕೊನೆಗೆ ಸೊನ್ನೆಯ ಬಳಿಗೆ ಇಳಿಯುವ ಒಂದು ಅಂಕಿ, ಮತ್ತು ಅದರ ಹಿಂದೆ ತಂದೆಯ ಹೆಸರಿನಲ್ಲಿಯೂ ನಿಂತಿರುವ ದೊಡ್ಡದೊಂದು ಸಾಲ.

ಪರರ ಜೀವಕ್ಕೆ ಭದ್ರತೆ ನೀಡುವವನ ಸ್ವಂತ ಬಾಳಿಗೆ ಭದ್ರತೆ ಎಷ್ಟಿದೆ? ಈ ಪ್ರಶ್ನೆ ಕೇವಲ ವೈದ್ಯರ ಮನೆಗೆ ಸೇರಿದ್ದಲ್ಲ. ಸಾಲದಲ್ಲಿ ಮುಳುಗಿದ ವೈದ್ಯನ ಮುಂದೆ ನಾಳೆ ಕೈಚಾಚಿ ನಾಡಿ ತೋರಿಸುವವರು ನಾಡಿನ ಜನರೇ ಆದುದರಿಂದ, ಇದು ಎಲ್ಲರ ಮನೆಯ ಪ್ರಶ್ನೆಯೂ ಹೌದು.

ಉದ್ದವಾದ ಹಾದಿ

ವೈದ್ಯನಾಗುವ ಹಾದಿ ಎಷ್ಟು ಉದ್ದವೆಂಬುದನ್ನು ಮೊದಲು ಅಳೆಯಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಗೆ ನಾಲ್ಕೂವರೆ ವರ್ಷಗಳ ಪಾಠ. ಅದರ ಮೇಲೆ ಹನ್ನೆರಡು ತಿಂಗಳ ಹೌಸ್ ಸರ್ಜನ್ ಕೆಲಸ. ಇಲ್ಲಿಗೆ ಇಪ್ಪತ್ತಮೂರೂವರೆ. ಸ್ನಾತಕೋತ್ತರ ಸೀಟಿಗಾಗಿ ಪರೀಕ್ಷೆ ಬರೆಯಬೇಕು. ಮೊದಲ ಸಲವೇ ಬೇಕಾದ ವಿಭಾಗ ದೊರೆಯದಿದ್ದರೆ ಮನೆಯಲ್ಲಿಯೋ ಬಾಡಿಗೆಯ ಕೋಣೆಯಲ್ಲಿಯೋ ಕುಳಿತು ಒಂದೆರಡು ವರ್ಷ ಓದಬೇಕು. ಆ ಬಳಿಕ ಎಂ.ಡಿ. ಅಥವಾ ಎಂ.ಎಸ್. ಎಂದರೆ ಮತ್ತೆ ಮೂರು ವರ್ಷ. ಹೃದಯ, ನರ, ಮೂತ್ರಪಿಂಡ ಮುಂತಾದ ಸೂಕ್ಷ್ಮ ವಿಭಾಗಗಳನ್ನು ಹಿಡಿಯುವವರಿಗೆ ಇನ್ನೂ ಮೂರು. ಜತೆಯಲ್ಲಿ ಪಿ.ಯು.ಸಿ. ಮುಗಿಸಿದ ಇಂಜಿನಿಯರು ಇಪ್ಪತ್ತೆರಡಕ್ಕೆ ಸಂಬಳ ಎಣಿಸತೊಡಗಿ, ಮೂವತ್ತಕ್ಕೆ ಮನೆಯ ಕಂತನ್ನು ಕಟ್ಟುತ್ತಿರುವಾಗ, ವೈದ್ಯ ಮಿತ್ರ ಇನ್ನೂ ಹಾಸ್ಟೆಲಿನ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿರುತ್ತಾನೆ.

ಹಾದಿಯಲ್ಲಿ ನೂಕುನುಗ್ಗಲೂ ಹೆಚ್ಚಾಗಿದೆ. 2013-14ರಲ್ಲಿ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು 51,348, 2024ರ ಹೊತ್ತಿಗೆ ಅವು ಒಂದು ಲಕ್ಷ ಹದಿನೈದು ಸಾವಿರವನ್ನು ದಾಟಿದವು. ಸ್ನಾತಕೋತ್ತರ ಸೀಟುಗಳು ಅದೇ ಅವಧಿಯಲ್ಲಿ 31,185ರಿಂದ ಎಪ್ಪತ್ತು ಸಾವಿರದ ಮೇಲಕ್ಕೆ ಏರಿದವೆಂಬುದು ನಿಜ. ಆದರೂ ಮೊದಲ ಬಾಗಿಲಿನಿಂದ ಒಳಹೊಕ್ಕವರೆಲ್ಲರಿಗೂ ಎರಡನೆಯ ಬಾಗಿಲು ತೆರೆಯುವುದಿಲ್ಲ. ಕೇವಲ ಎಂ.ಬಿ.ಬಿ.ಎಸ್. ಆದವನಿಗೆ ಪಟ್ಟಣಗಳಲ್ಲಿ ಬೆಲೆ ಕಡಿಮೆಯಾಗುತ್ತ ಬಂದಿರುವುದರಿಂದ, ಎರಡನೆಯ ಬಾಗಿಲ ಮುಂದೆ ಕಾಯುವುದು ಆಸೆಯ ಮಾತಾಗಿ ಉಳಿದಿಲ್ಲ, ಅನಿವಾರ್ಯವಾಗಿದೆ. ಹೀಗೆ ಕಾಯುವ ವರ್ಷಗಳಲ್ಲಿ ವರಮಾನವಿಲ್ಲ. ಖರ್ಚು ಮಾತ್ರ ತಪ್ಪಿದ್ದಲ್ಲ.

ಓದಿನ ಬೆಲೆ

ಕರ್ನಾಟಕಕ್ಕೂ ಖಾಸಗಿ ವೈದ್ಯ ಶಿಕ್ಷಣಕ್ಕೂ ಹಳೆಯ ನಂಟು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು ಅರಸರ ಕಾಲದ ಸರಕಾರಿ ಸಂಸ್ಥೆ. 1953ರಲ್ಲಿ ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ತೆರೆದುದು ಖಾಸಗಿ ವೈದ್ಯಕೀಯ ಕಾಲೇಜು. ಮುಂದೆ ಅಂಥ ಕಾಲೇಜುಗಳು ಊರೂರಲ್ಲಿ ಎದ್ದವು; ಅವುಗಳೊಡನೆ ‘ಕ್ಯಾಪಿಟೇಷನ್’ ಎಂಬ ಪದವೂ ಕನ್ನಡದ ಮನೆಮಾತಾಯಿತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಅಂದಿನ ದರಗಳು ದಾಖಲಾಗಿವೆ: ಖಾಸಗಿ ಕಾಲೇಜಿನ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಆ ಅಂಕಿಗಳೇ ಅಂದು ದೇಶವನ್ನು ಬೆಚ್ಚಿಬೀಳಿಸಿದ್ದವು. ಇಂದು ಸರಕಾರಿ ಕಾಲೇಜಿನ ಸೀಟಿಗೂ ಖಾಸಗಿ ಕಾಲೇಜಿನ ಆಡಳಿತ ವರ್ಗದ ಸೀಟಿಗೂ ಇರುವ ಅಂತರ ಸಾವಿರಗಳಲ್ಲಿಲ್ಲ, ಲಕ್ಷಗಳಲ್ಲಿದೆ.

ಈ ಹಣ ಎಲ್ಲಿಂದ ಬರುತ್ತದೆ? ಕೆಲವರ ಮನೆಯಲ್ಲಿ ಸೈಟು ಮಾರಾಟವಾಗುತ್ತದೆ. ಕೆಲವರ ಮನೆಯಲ್ಲಿ ತಾಯಿಯ ಒಡವೆ ಬ್ಯಾಂಕಿನ ಲಾಕರಿನಿಂದ ಅದೇ ಬ್ಯಾಂಕಿನ ಅಡವಿನ ಪೆಟ್ಟಿಗೆಗೆ ಸ್ಥಾನಾಂತರ ಹೊಂದುತ್ತದೆ. ಕೆಲವರಲ್ಲಿ ತಂದೆಯ ಭವಿಷ್ಯನಿಧಿ ಕರಗುತ್ತದೆ. ಉಳಿದವರಿಗೆ ಶಿಕ್ಷಣ ಸಾಲವೇ ಗತಿ. ಬ್ಯಾಂಕುಗಳ ಮಾದರಿ ಯೋಜನೆಯಂತೆ ಓದು ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ಏಳೂವರೆ ಲಕ್ಷ ರೂಪಾಯಿಗೆ ಮೇಲ್ಪಟ್ಟ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡವು ಬೇಕು. ತಂದೆ ಅಥವಾ ತಾಯಿ ಜತೆ-ಸಾಲಗಾರರಾಗಿ ಸಹಿ ಹಾಕಬೇಕು.

‘ಕಂತು ಕಟ್ಟಬೇಕಾಗಿಲ್ಲ’ ಎಂಬ ಮಾತನ್ನು ಅನೇಕರು ‘ಬಡ್ಡಿ ಬೆಳೆಯುವುದಿಲ್ಲ’ ಎಂದು ತಿಳಿಯುತ್ತಾರೆ. ಅದು ತಪ್ಪು. ಒಂದು ಲೆಕ್ಕವನ್ನು ನೋಡಬಹುದು. ಐದು ವರ್ಷ, ಪ್ರತಿ ವರ್ಷದ ಆರಂಭದಲ್ಲಿ 4 ಲಕ್ಷದಂತೆ, ಒಟ್ಟು 20 ಲಕ್ಷ ರೂಪಾಯಿ ಸಾಲ ಪಡೆದ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಬಡ್ಡಿ ವರ್ಷಕ್ಕೆ ಶೇಕಡಾ 10. ಓದಿನ ಕಾಲದಲ್ಲಿ ಅದು ಸರಳಬಡ್ಡಿ. ಐದೂವರೆ ವರ್ಷಗಳ ಓದು, ಅದರ ಮೇಲೆ ಒಂದು ವರ್ಷದ ವಿರಾಮ ಮುಗಿಯುವ ಹೊತ್ತಿಗೆ ಬಡ್ಡಿಯೇ 9 ಲಕ್ಷವಾಗಿರುತ್ತದೆ. ಹೆಗಲ ಮೇಲಿರುವುದು 20 ಅಲ್ಲ, 29 ಲಕ್ಷ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 38,300 ರೂಪಾಯಿ. ಹದಿನೈದು ವರ್ಷಕ್ಕೆ ಹಂಚಿದರೂ 31,000ಕ್ಕೆ ಕಡಿಮೆಯಿಲ್ಲ. ಈ ಕಂತು ಆರಂಭವಾಗುವ ಕಾಲವೇ ಸ್ನಾತಕೋತ್ತರ ಪರೀಕ್ಷೆಗೆ ಓದುವ ಅಥವಾ ಅದರ ಮೊದಲ ವರ್ಷಕ್ಕೆ ಕಾಲಿಡುವ ಕಾಲ.

ಶಿಷ್ಯವೇತನವೆಂಬ ಸಂಬಳ

ಕಿರಿಯ ವೈದ್ಯನಿಗೆ ದೊರೆಯುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಅದು ಶಿಷ್ಯವೇತನ. ಕರ್ನಾಟಕದ ಸರಕಾರಿ ಕಾಲೇಜುಗಳಲ್ಲಿ 2020ರಲ್ಲಿ, ಕೋವಿಡ್ ಪಿಡುಗಿನ ನಡುವೆ, ಹೌಸ್ ಸರ್ಜನ್ನರಿಗೆ ತಿಂಗಳಿಗೆ 30,000 ರೂಪಾಯಿಯೆಂದೂ ಸ್ನಾತಕೋತ್ತರದ ಮೊದಲ ವರ್ಷದವರಿಗೆ 45,000 ರೂಪಾಯಿಯೆಂದೂ ನಿಗದಿಯಾಯಿತು. ಬೆಲೆಗಳು ಏರಿದರೂ ವೇತನ ಏರಲಿಲ್ಲವೆಂದು 2024ರ ಆಗಸ್ಟಿನಲ್ಲಿ ರಾಜ್ಯದ ನಿವಾಸಿ ವೈದ್ಯರು ಮುಷ್ಕರ ಹೂಡಿದರು; ಆ ಬಳಿಕ ಏರಿಕೆಯೂ ದೊರಕಿತು. ಆದರೆ ಮೇಲೆ ಹೇಳಿದ 38,300ರ ಕಂತನ್ನು 45,000ದಿಂದ ಕಳೆದು ನೋಡಿದರೆ ಉಳಿಯುವುದೆಷ್ಟು? ಏರಿಕೆಯನ್ನು ಕೂಡಿಸಿಕೊಂಡರೂ ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ, ಊಟ, ಪುಸ್ತಕ, ಪ್ರಯಾಣಗಳಿಗೆ ಎಷ್ಟು ಸಾಲುತ್ತದೆಂಬುದನ್ನು ಗೃಹಿಣಿಯರು ಬೆರಳ ತುದಿಯಲ್ಲಿಯೇ ಲೆಕ್ಕ ಹಾಕಬಲ್ಲರು.

ಇದು ಸರಕಾರಿ ಕಾಲೇಜಿನ ಮಾತು. ಖಾಸಗಿ ಕಾಲೇಜುಗಳೂ ಆಯಾ ರಾಜ್ಯದ ಸರಕಾರಿ ಕಾಲೇಜುಗಳಿಗೆ ಸಮನಾದ ಶಿಷ್ಯವೇತನವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೊಡಬೇಕೆಂದು ನಿಯಮವಿದೆ. ನಿಯಮ ಪುಸ್ತಕದಲ್ಲಿದೆ, ಹಣ ಕೈಯಲ್ಲಿದೆಯೆ? 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಖಾಸಗಿ ಕಾಲೇಜುಗಳ ಸಹಸ್ರಾರು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಈ ಕುರಿತು ವಿಚಾರಿಸಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ತಮಗೆ ವೇತನವೇ ಬರುತ್ತಿಲ್ಲವೆಂದರು. ಸಾವಿರಕ್ಕೂ ಮಿಕ್ಕವರು, ಬ್ಯಾಂಕಿನ ಖಾತೆಗೆ ಬಂದ ವೇತನವನ್ನು ಆಡಳಿತದವರು ಹಿಂದಕ್ಕೆ ಪಡೆಯುತ್ತಾರೆಂದು ತಿಳಿಸಿದರು. ಕಾಗದದ ಮೇಲೆ ಲೆಕ್ಕ ಸರಿ; ಜೇಬಿನಲ್ಲಿ ಮಾತ್ರ ಸೊನ್ನೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದೆಹಲಿಯ ಕಾಲೇಜೊಂದರ ಹೌಸ್ ಸರ್ಜನ್ನರು ವೇತನವಿಲ್ಲದೆ ದುಡಿಯುತ್ತಿರುವ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅವರಿಗೆ ತಿಂಗಳಿಗೆ 25,000 ರೂಪಾಯಿಯಂತೆ ಕೊಡಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು.

ದುಡಿಮೆಯ ಗಂಟೆಗಳ ವಿಷಯವೂ ಹೀಗೆಯೇ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆಯನ್ನೂ ವಾರಕ್ಕೆ 48 ಗಂಟೆಯನ್ನೂ ಮೀರಬಾರದೆಂದಿತು. ಮೂವತ್ತೆರಡು ವರ್ಷಗಳ ಮೇಲೆ, 2024ರಲ್ಲಿ, ವೈದ್ಯ ವಿದ್ಯಾರ್ಥಿಗಳ ಮನಃಸ್ವಾಸ್ಥ್ಯವನ್ನು ಪರಿಶೀಲಿಸಿದ ರಾಷ್ಟ್ರೀಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲೆಂದು ಶಿಫಾರಸು ಮಾಡಿತು. ನಲವತ್ತೆಂಟರ ಮಿತಿ ಇದ್ದ ಕಡೆ ಎಪ್ಪತ್ತನಾಲ್ಕೇ ಸುಧಾರಣೆಯೆನಿಸಿಕೊಳ್ಳಬೇಕಾದರೆ ವಾಸ್ತವ ಸ್ಥಿತಿ ಎಂತಿದ್ದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ದುಡಿಯುವವನಿಗೆ ಬೇರೊಂದು ಕಡೆ ಗಳಿಸುವ ವೇಳೆಯೂ ಇಲ್ಲ. ಇರುವ ಹಣವನ್ನು ಕುರಿತು ಯೋಚಿಸುವ ವ್ಯವಧಾನವೂ ಇಲ್ಲ.

ಈ ಕಷ್ಟ ಭಾರತಕ್ಕಷ್ಟೇ ಸೀಮಿತವಲ್ಲ. ಕರ್ನಾಟಕದಿಂದ ಎಷ್ಟೋ ತರುಣ ವೈದ್ಯರು ಕನಸು ಹೊತ್ತು ಹೋಗುವ ಇಂಗ್ಲೆಂಡಿನಲ್ಲಿ ಕಿರಿಯ ವೈದ್ಯರು 2023ರ ಮಾರ್ಚಿಯಲ್ಲಿ ಮುಷ್ಕರ ಆರಂಭಿಸಿದರು. 2008ರಿಂದ ಬೆಲೆಯೇರಿಕೆ ತಮ್ಮ ಸಂಬಳವನ್ನು ತಿಂದುಹಾಕಿದೆಯೆಂದೂ ಶೇಕಡಾ 35ರಷ್ಟು ಏರಿಕೆ ಬೇಕೆಂದೂ ಅವರ ಬೇಡಿಕೆ. 2024ರ ಸೆಪ್ಟೆಂಬರಿನಲ್ಲಿ, ಎರಡು ವರ್ಷಗಳಿಗೆ ಕೂಡಿ ಸರಾಸರಿ ಶೇಕಡಾ 22.3ರ ಏರಿಕೆಗೆ ಒಪ್ಪಂದವಾಯಿತು. ಅದೇ ತಿಂಗಳು ‘ಕಿರಿಯ ವೈದ್ಯ’ ಎಂಬ ಹೆಸರು ಹೋಗಿ ‘ನಿವಾಸಿ ವೈದ್ಯ’ ಎಂಬ ಹೆಸರು ಬಂದಿತು. ಆದರೂ 2025ರ ಜುಲೈಯಲ್ಲಿ ಅವರು ಮತ್ತೆ ಬೀದಿಗಿಳಿದರು. ಹೆಸರು ಬದಲಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವಷ್ಟೆ.

ಕಾಣದ ಅಪಾಯಗಳು

ವರಮಾನ ಕಡಿಮೆಯೆಂಬುದು ಒಂದು ಕಷ್ಟ. ಆ ವರಮಾನ ಒಂದು ಕ್ಷಣದಲ್ಲಿ ನಿಂತುಹೋಗಬಹುದೆಂಬುದು ಇನ್ನೊಂದು. ಅದು ಮೊದಲನೆಯದಕ್ಕಿಂತ ಭೀಕರ.

ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟ ಕೈಯಿಂದ ರಕ್ತ ತೆಗೆಯುವಾಗ ಸೂಜಿ ತನ್ನ ಬೆರಳಿಗೇ ಚುಚ್ಚಬಹುದು. ಎಚ್.ಐ.ವಿ. ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವವಾದರೋ ನೂರಕ್ಕೆ ಆರರಿಂದ ಮೂವತ್ತರವರೆಗೆ. ಲಸಿಕೆ ಹಾಕಿಸಿಕೊಂಡಿರುವುದು, ಚುಚ್ಚಿದ ಕೂಡಲೆ ಆಸ್ಪತ್ರೆಯ ದಾಖಲೆಯಲ್ಲಿ ಬರೆಸುವುದು, ಎಚ್.ಐ.ವಿ. ತಡೆಯುವ ಔಷಧಿಯನ್ನು ತಡಮಾಡದೆ, ಹೇಗೂ 72 ಗಂಟೆಗಳೊಳಗೆ, ಆರಂಭಿಸುವುದು—ಇವೆಲ್ಲ ವೈದ್ಯಶಾಸ್ತ್ರದ ಪಾಠಗಳು. ಆದರೆ ದಾಖಲೆ ಬರೆಸುವುದು ಅರ್ಥಶಾಸ್ತ್ರದ ಪಾಠವೂ ಹೌದು: ನಾಳೆ ವಿಮೆಯನ್ನೋ ಪರಿಹಾರವನ್ನೋ ಕೇಳಬೇಕಾದಾಗ ಆಧಾರವಾಗುವುದು ಆ ಕಾಗದವೇ. ಕ್ಷಯವಂತೂ ವಾರ್ಡಿನ ಗಾಳಿಯಲ್ಲಿಯೇ ಇದೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 30ರಿಂದ, ಕರ್ತವ್ಯದಲ್ಲಿ ಮಡಿದ ಆರೋಗ್ಯ ಕಾರ್ಯಕರ್ತರ ಕುಟುಂಬಕ್ಕೆ 50 ಲಕ್ಷ ರೂಪಾಯಿಯ ವಿಮೆಯನ್ನು ಕೇಂದ್ರ ಸರಕಾರ ಘೋಷಿಸಿದುದು ಈ ಅಪಾಯಕ್ಕೆ ಬೆಲೆ ಕಟ್ಟಿದ ಒಂದು ಅಪರೂಪದ ಸಂದರ್ಭ. ಪಿಡುಗು ಕಳೆದ ಮೇಲೆ ಅಂಥ ರಕ್ಷಣೆಯನ್ನು ತಾನೇ ಕಟ್ಟಿಕೊಳ್ಳಬೇಕು.

ಇನ್ನೊಂದು ಅಪಾಯ ನ್ಯಾಯಾಲಯದ ಕಡೆಯಿಂದ. 1995ರಲ್ಲಿ ಭಾರತೀಯ ವೈದ್ಯ ಸಂಘ ಮತ್ತು ವಿ.ಪಿ. ಶಾಂತಾ ಅವರ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಮಾಡುವ ಚಿಕಿತ್ಸೆ ಬಳಕೆದಾರರ ಕಾಯ್ದೆಯ ವ್ಯಾಪ್ತಿಗೆ ಸೇರಿದ ಸೇವೆಯೆಂದು ತೀರ್ಮಾನಿಸಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಕ್ರಿಮಿನಲ್ ಅಪರಾಧಕ್ಕೆ ಘೋರ ನಿರ್ಲಕ್ಷ್ಯವೇ ಸಿದ್ಧವಾಗಬೇಕೆಂದು ಹೇಳಿ ವೈದ್ಯರಿಗೆ ಕೊಂಚ ರಕ್ಷಣೆ ನೀಡಿತು. ಆದರೆ ಪರಿಹಾರದ ಹಣಕ್ಕಾಗಿ ದಾವೆ ಹೂಡುವ ಹಕ್ಕು ರೋಗಿಗೆ ಇದ್ದೇ ಇದೆ, ಇರಬೇಕಾದುದೂ ನ್ಯಾಯವೇ. ಹಿರಿಯ ವೈದ್ಯರ ಹೆಸರಿನೊಡನೆ, ಆ ರಾತ್ರಿ ಕೇಸ್ ಷೀಟಿನಲ್ಲಿ ಸಹಿ ಹಾಕಿದ ಕಿರಿಯನ ಹೆಸರೂ ಅರ್ಜಿಯಲ್ಲಿ ಬರಬಹುದು.

ಮೂರನೆಯದು ಒಪ್ಪಂದದ ಅಪಾಯ. ಓದು ಮುಗಿಸಿ ಖಾಸಗಿ ಆಸ್ಪತ್ರೆ ಸೇರುವ ತರುಣನಿಗೆ ‘ಕನ್ಸಲ್ಟೆಂಟ್’ ಎಂಬ ಪದವಿ ದೊರೆತಾಗ ಮನೆಯವರು ಹಿಗ್ಗುತ್ತಾರೆ. ಆ ಪದದ ಆರ್ಥಿಕ ಅರ್ಥ ಬೇರೆಯೇ: ಅವನು ನೌಕರನಲ್ಲ. ಅವನಿಗೆ ಬರುವುದು ವೃತ್ತಿಶುಲ್ಕ; ಆದಾಯ ತೆರಿಗೆ ಶೇಕಡಾ ಹತ್ತರಂತೆ ಮೊದಲೇ ಮುರಿದು ಕೈಗೆ ಬರುವ ಹಣ. ಅದರಲ್ಲಿ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ, ಸಂಬಳಸಹಿತ ರಜೆಯಿಲ್ಲ. ಮಲಗಿದ ದಿನ ವರಮಾನವೂ ಮಲಗುತ್ತದೆ. ವೈದ್ಯೆಯಾದರೆ ಹೆರಿಗೆಯ ತಿಂಗಳುಗಳ ಲೆಕ್ಕವನ್ನು ಮೊದಲೇ ಹಾಕಿಡಬೇಕು: ನೌಕರಳಿಗೆ 2017ರ ತಿದ್ದುಪಡಿಯಂತೆ 26 ವಾರಗಳ ಹೆರಿಗೆ ರಜೆಯುಂಟು, ವೃತ್ತಿಶುಲ್ಕ ಪಡೆಯುವವಳಿಗೆ ಅದಿಲ್ಲ, ತರಬೇತಿಯಲ್ಲಿರುವವಳು ಅನುಮತಿಗಿಂತ ಹೆಚ್ಚು ರಜೆ ಪಡೆದರೆ ಓದಿನ ಅವಧಿ ಅಷ್ಟೇ ಮುಂದೆ ಹೋಗುತ್ತದೆ. ಸರಕಾರಿ ಸೇವೆ ಸೇರಿದವರಿಗೂ ತಾತಂದಿರ ಕಾಲದ ನಿವೃತ್ತಿ ವೇತನದ ನೆರಳು ತಾನಾಗಿ ಬಂತೆಂದು ತಿಳಿಯುವಂತಿಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಹೊಸದಾಗಿ ನೇಮಕವಾದವರನ್ನು ಹೊಸ ಪಿಂಚಣಿ ಯೋಜನೆಗೆ ಒಳಪಡಿಸಲಾಯಿತು.

ಯಾವುದು ಮೊದಲು?

ಹಣ ಕಡಿಮೆಯಿದ್ದಾಗ ಎಲ್ಲವನ್ನೂ ಒಮ್ಮೆಲೆ ಮಾಡಲಾಗದು. ಆದುದರಿಂದ ಕ್ರಮವೇ ಮುಖ್ಯ. ಕ್ಯಾಷುಯಾಲ್ಟಿಗೆ ಬಂದ ಗಾಯಾಳುವಿಗೆ ಮೊದಲು ಉಸಿರು, ಆಮೇಲೆ ರಕ್ತಸ್ರಾವ, ಆಮೇಲೆ ಮೂಳೆ ಎಂದು ವೈದ್ಯ ನೋಡುವಂತೆ, ತನ್ನ ಹಣದ ಸ್ಥಿತಿಯನ್ನೂ ಅವನು ಅದೇ ಶಿಸ್ತಿನಿಂದ ನೋಡಬೇಕು.

ಮೊದಲನೆಯದು ಆಪದ್ಧನ. ಮೂರರಿಂದ ಆರು ತಿಂಗಳ ಖರ್ಚಿಗಾಗುವಷ್ಟು ಹಣ, ಬೇಕೆಂದಾಗ ತೆಗೆಯಬಹುದಾದ ಕಡೆ ಇರಬೇಕು. ಶಿಷ್ಯವೇತನ ಎರಡು ಮೂರು ತಿಂಗಳು ತಡವಾಗುವುದು ಅಪರೂಪವೇನಲ್ಲ. ಹೆಚ್ಚು ಬಡ್ಡಿಯ ಆಸೆಗೆ ಬಲಹೀನವಾದ ಬ್ಯಾಂಕಿನಲ್ಲಿ ಎಲ್ಲವನ್ನೂ ಇಡುವುದು ವಿವೇಕವಲ್ಲ. 2020ರ ಫೆಬ್ರವರಿಯಿಂದ ಠೇವಣಿ ವಿಮೆಯ ರಕ್ಷಣೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಗೆ ನಿಂತಿದೆಯೆಂಬುದು ನೆನಪಿರಲಿ.

ಎರಡನೆಯದು ಜೀವವಿಮೆ, ಆದರೆ ಸರಿಯಾದ ಬಗೆಯದು. ಹೌಸ್ ಸರ್ಜನ್ ಆದ ಕೂಡಲೆ ಬಂಧುಗಳಲ್ಲೊಬ್ಬರು ಪಾಲಿಸಿಯ ಫಾರಮು ಹಿಡಿದು ಬರುವುದು ನಮ್ಮಲ್ಲಿ ಸಂಪ್ರದಾಯವೇ ಆಗಿದೆ. ‘ಇಪ್ಪತ್ತು ವರ್ಷದ ಮೇಲೆ ಹಣ ವಾಪಸು ಬರುತ್ತೆ ಕಣಪ್ಪ’ ಎಂದು ಅವರು ಹೇಳುವಾಗ ದಾಕ್ಷಿಣ್ಯಕ್ಕೆ ಸಹಿ ಬೀಳುತ್ತದೆ. ಹಣ ವಾಪಸು ಬರುವ ಪಾಲಿಸಿಗೆ ಕಂತು ಹೆಚ್ಚು, ರಕ್ಷಣೆ ಕಡಿಮೆ. ಸಾಲಗಾರನಾದ ತರುಣನಿಗೆ ಬೇಕಾದುದು ಟರ್ಮ್ ಪಾಲಿಸಿ: ಬದುಕಿದ್ದರೆ ಏನೂ ಬಾರದು, ಸತ್ತರೆ ದೊಡ್ಡ ಮೊತ್ತ ಬರುವುದು. ಅಶುಭದ ಮಾತೆಂದು ಹಿರಿಯರು ಮುಖ ತಿರುಗಿಸಬಹುದು. ಆದರೆ 29 ಲಕ್ಷದ ಸಾಲಕ್ಕೆ ಜತೆ-ಸಾಲಗಾರನಾಗಿ ಸಹಿ ಹಾಕಿದ ನಿವೃತ್ತ ತಂದೆ, ಮಗನನ್ನು ಕಳೆದುಕೊಂಡ ಮೇಲೆ ಬ್ಯಾಂಕಿನ ನೋಟೀಸನ್ನು ಓದುವುದಕ್ಕಿಂತ ಅಶುಭ ಯಾವುದಿದೆ? ವಿಮೆಯ ಮೊತ್ತ ಕನಿಷ್ಠ ಪಕ್ಷ ಸಾಲವನ್ನು ಮುಚ್ಚಿ, ಹೆತ್ತವರ ಕೆಲವು ವರ್ಷಗಳ ಜೀವನಕ್ಕೆ ಸಾಲುವಂತಿರಬೇಕು. ವಯಸ್ಸು ಚಿಕ್ಕದಿದ್ದಷ್ಟೂ ಕಂತು ಹಗುರ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಜೀವವಿಮೆ, ಆರೋಗ್ಯವಿಮೆಗಳ ಕಂತಿನ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ರದ್ದಾಯಿತು. ಅರ್ಜಿಯಲ್ಲಿ ಕಾಯಿಲೆ, ಧೂಮಪಾನ ಯಾವುದನ್ನೂ ಮುಚ್ಚಿಡಬಾರದು. ವಿವಾಹಿತ ಪುರುಷ ಹೆಂಡತಿ ಮಕ್ಕಳ ಹೆಸರಿಗೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿದರೆ, ಆ ಹಣ ಅವರಿಗೇ ಮೀಸಲಾಗಿ ಅವನ ಸಾಲಗಾರರ ಕೈಗೆ ಸಿಗದೆ ಉಳಿಯುತ್ತದೆ. ಒಂದೂವರೆ ಶತಮಾನದಷ್ಟು ಹಳೆಯದಾದ ಈ ಕಾಯ್ದೆಯನ್ನು ಬಲ್ಲ ವೈದ್ಯರು ಕಡಿಮೆ.

ಮೂರನೆಯದು ಆರೋಗ್ಯವಿಮೆ ಮತ್ತು ಅಪಘಾತವಿಮೆ. ‘ಆಸ್ಪತ್ರೆಯೇ ನಮ್ಮದು, ವಿಮೆ ಏತಕ್ಕೆ?’ ಎಂಬ ಧೈರ್ಯ ಆಸ್ಪತ್ರೆ ಬಿಟ್ಟ ದಿನ ಮುಗಿಯುತ್ತದೆ. ಶಸ್ತ್ರವೈದ್ಯನಿಗೆ ಬಲಗೈಯೇ ಬಂಡವಾಳ. ಆ ಕೈಗೆ ಊನ ಬಂದರೆ ಜೀವವಿಮೆ ಒಂದು ಕಾಸನ್ನೂ ಕೊಡದೆ ಹೋಗಬಹುದು. ಶಾಶ್ವತ ಹಾಗೂ ಭಾಗಶಃ ಅಂಗವೈಕಲ್ಯಕ್ಕೂ ಹಣ ಕೊಡುವ ಅಪಘಾತ ಪಾಲಿಸಿಯೇ ಅಲ್ಲಿ ಒದಗುವುದು. ನಾಲ್ಕನೆಯದು ವೃತ್ತಿ ಹೊಣೆಗಾರಿಕೆಯ ವಿಮೆ. ಆಸ್ಪತ್ರೆಯ ಸಾಮೂಹಿಕ ಪಾಲಿಸಿಯಲ್ಲಿ ತನ್ನ ಹೆಸರಿದೆಯೆ, ವಕೀಲರ ಖರ್ಚು ಅದರಲ್ಲಿ ಸೇರಿದೆಯೆ ಎಂಬುದನ್ನು ಕೆಲಸಕ್ಕೆ ಸೇರುವ ದಿನವೇ ಲಿಖಿತವಾಗಿ ಕೇಳಿ ತಿಳಿಯಬೇಕು. ವೈದ್ಯ ಸಂಘದ ಕೆಲವು ರಾಜ್ಯ ಶಾಖೆಗಳು, ಸದಸ್ಯನೊಬ್ಬ ತೀರಿಕೊಂಡರೆ ಉಳಿದವರೆಲ್ಲ ಸ್ವಲ್ಪ ಸ್ವಲ್ಪ ಕೂಡಿಸಿ ಅವನ ಕುಟುಂಬಕ್ಕೆ ಕೊಡುವ ಸಾಮಾಜಿಕ ಭದ್ರತಾ ಯೋಜನೆಗಳನ್ನು ನಡೆಸುತ್ತವೆ, ಅವನ್ನೂ ವಿಚಾರಿಸಬಹುದು.

ಐದನೆಯದು ಸಾಲ. ಸ್ನಾತಕೋತ್ತರ ಸೀಟು ದೊರೆತೊಡನೆ ಬ್ಯಾಂಕಿಗೆ ಹೋಗಿ, ಕಂತಿನ ಆರಂಭವನ್ನು ಮುಂದೂಡಲು ಸಾಧ್ಯವೆ ಎಂದು ಬರವಣಿಗೆಯಲ್ಲಿ ಕೇಳಬೇಕು. ಕಂತು ತಪ್ಪಿದ ಮೇಲೆ ಕೇಳುವುದಕ್ಕಿಂತ ಮೊದಲು ಕೇಳಿದವನಿಗೆ ಬೆಲೆ ಹೆಚ್ಚು. ಓದಿನ ಕಾಲದಲ್ಲಿಯೇ ಬಡ್ಡಿಯನ್ನಷ್ಟಾದರೂ ತೀರಿಸುತ್ತ ಬಂದರೆ ಅದು ಅಸಲಿಗೆ ಸೇರಿ ಬೆಳೆಯದು. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಶಿಕ್ಷಣ ಸಾಲದ ಬಡ್ಡಿಯ ಮೇಲೆ ಎಂಟು ವರ್ಷ ವಿನಾಯಿತಿಯುಂಟು. ಹೊಸ ಪದ್ಧತಿಯಲ್ಲಿ ಅದಿಲ್ಲ. ಯಾವುದು ಲಾಭವೆಂದು ಲೆಕ್ಕ ಹಾಕಿಯೇ ಆರಿಸಿಕೊಳ್ಳಬೇಕು.

ಕಡೆಯದು ಉಳಿತಾಯ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಗಣಿತವೂ ಒಪ್ಪುತ್ತದೆ. ತಿಂಗಳಿಗೆ 5,000 ರೂಪಾಯಿಯನ್ನು ಇಪ್ಪತ್ತೆಂಟನೆಯ ವಯಸ್ಸಿನಿಂದ ಅರವತ್ತರವರೆಗೆ ಕೂಡಿಡುತ್ತ ಬಂದು, ಅದಕ್ಕೆ ವರ್ಷಕ್ಕೆ ಶೇಕಡಾ 8ರಂತೆ ಪ್ರತಿಫಲ ಬಂದಿತೆಂದು ಇಟ್ಟುಕೊಂಡರೆ, ಕೊನೆಗೆ ಸುಮಾರು 88 ಲಕ್ಷವಾಗುತ್ತದೆ. ಅದನ್ನೇ ಮೂವತ್ತೆಂಟಕ್ಕೆ ಆರಂಭಿಸಿದರೆ ಕೈಗೆ ಬರುವುದು ಸುಮಾರು 36 ಲಕ್ಷ ಮಾತ್ರ. ಮೊದಲ ಹತ್ತು ವರ್ಷಗಳಲ್ಲಿ ಹೆಚ್ಚಾಗಿ ಹಾಕಿದ್ದು 6 ಲಕ್ಷ. ಅಂತರ ಐವತ್ತು ಲಕ್ಷಕ್ಕೂ ಮೇಲೆ. ತಡವಾಗಿ ಗಳಿಕೆ ಆರಂಭಿಸುವ ವೈದ್ಯನಿಗೆ ಈ ಹತ್ತು ವರ್ಷಗಳೇ ಎಲ್ಲಕ್ಕಿಂತ ದುಬಾರಿ.

ರೋಗಿಯ ಪಾಲು

ಇಷ್ಟೆಲ್ಲ ಲೆಕ್ಕಾಚಾರ ವೈದ್ಯನಿಗೆ ಶೋಭಿಸುವುದೆ, ಅವನದು ಸೇವೆಯಲ್ಲವೆ ಎಂದು ಕೇಳುವವರುಂಟು. ಆದರೆ ಸೇವೆಗೆ ಮೊದಲ ಶತ್ರು ಸಾಲ. 2002ರ ವೈದ್ಯಕೀಯ ನೀತಿ ನಿಯಮಾವಳಿ ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. ನಿಷೇಧ ಇರುವುದೇ ಆ ರೂಢಿ ಇರುವುದರಿಂದ. ಮೂವತ್ತೆರಡನೆಯ ವಯಸ್ಸಿನಲ್ಲಿ ಓದಿನ ಸಾಲ, ಅದರ ಮೇಲೆ ಕಾರಿನ ಸಾಲ, ಅದರ ಮೇಲೆ ನರ್ಸಿಂಗ್ ಹೋಮಿನ ಯಂತ್ರಗಳ ಸಾಲ ಹೊತ್ತವನ ಮುಂದೆ ಒಬ್ಬ ರೋಗಿ ಕುಳಿತಿದ್ದಾನೆ. ಸ್ಕ್ಯಾನ್ ಬೇಕೆ ಬೇಡವೆ ಎಂಬ ಪ್ರಶ್ನೆಗೆ ಆ ಗಳಿಗೆಯಲ್ಲಿ ಉತ್ತರ ಹೇಳುವುದು ವಿದ್ಯೆಯೋ, ತಿಂಗಳ ಐದನೆಯ ತಾರೀಖಿನ ಕಂತೋ? ಬಹುಪಾಲು ವೈದ್ಯರು ವಿದ್ಯೆಯ ಮಾತನ್ನೇ ಕೇಳುತ್ತಾರೆಂಬುದು ನಾಡಿನ ಪುಣ್ಯ. ಆದರೆ ಅವರ ಧರ್ಮವನ್ನು ದಿನವೂ ಇಷ್ಟು ಕಠಿನ ಪರೀಕ್ಷೆಗೆ ಒಡ್ಡುವುದು ಸಮಾಜಕ್ಕೆ ಕ್ಷೇಮವಲ್ಲ. ಹಳ್ಳಿಗೆ ವೈದ್ಯರು ಹೋಗುವುದಿಲ್ಲವೆಂಬ ದೂರಿನ ಬೇರೂ ಒಂದಿಷ್ಟು ಇಲ್ಲಿದೆ. ಕಡ್ಡಾಯ ಸೇವೆಗಾಗಿ ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು, ಅನಂತರ ತಿದ್ದಿತು. ಆದರೆ ಲಕ್ಷಗಳ ಸಾಲ ಹೊತ್ತವನನ್ನು ಪಟ್ಟಣಕ್ಕೆ ಎಳೆಯುವ ಹಗ್ಗವನ್ನು ಕಾಯ್ದೆಯೊಂದೇ ಕತ್ತರಿಸಲಾರದು.

ಇದರಲ್ಲಿ ಮನೆಯವರ ಪಾತ್ರ ಸಣ್ಣದಲ್ಲ. ಸೀಟು ಕೊಳ್ಳುವ ಮುನ್ನ, ಮಗುವಿಗೆ ನಿಜವಾಗಿ ಆ ವಿದ್ಯೆಯಲ್ಲಿ ಒಲವಿದೆಯೆ ಎಂದು ಕೇಳುವುದು. ಸಾಲದ ಮೊತ್ತವನ್ನು, ಬಡ್ಡಿಯ ದರವನ್ನು ಮಕ್ಕಳಿಂದ ಮುಚ್ಚಿಡದೆ ಮೊದಲ ದಿನವೇ ತೋರಿಸುವುದು. ಡಾಕ್ಟರಾದ ಮರುವರ್ಷವೇ ಕಾರು, ಮನೆ, ವೈಭವದ ಮದುವೆಗಳನ್ನು ನಿರೀಕ್ಷಿಸದಿರುವುದು. ತಂಗಿಯ ಮದುವೆ, ತಮ್ಮನ ಓದುಗಳ ಭಾರವನ್ನೆಲ್ಲ ಆ ಒಂದು ಹೆಗಲಿಗೆ ಹೊರಿಸದಿರುವುದು—ಇವು ಯಾವ ಬ್ಯಾಂಕೂ ಕೊಡಲಾರದ ಭದ್ರತೆಗಳು. ಇವಕ್ಕೆ ಕಂತೂ ಇಲ್ಲ.

ವೈದ್ಯನನ್ನು ದೇವರಿಗೆ ಸಮನೆಂದು ಕೊಂಡಾಡುವುದು ಸುಲಭ. ದೇವರಿಗೆ ಮನೆ ಬಾಡಿಗೆಯಿಲ್ಲ, ಬ್ಯಾಂಕಿನ ನೋಟೀಸಿಲ್ಲ. ಅವನನ್ನು ಮನುಷ್ಯನೆಂದು ಕಂಡು, ಅವನ ದುಡಿಮೆಗೆ ತಕ್ಕ ವೇತನ ಸಕಾಲಕ್ಕೆ ಸೇರುವಂತೆ ಆಡಳಿತ ನೋಡಿಕೊಂಡು, ಇರುವ ಹಣವನ್ನು ಕ್ರಮವಾಗಿ ಕಾಯ್ದುಕೊಳ್ಳುವ ವಿದ್ಯೆಯನ್ನು ಕಾಲೇಜು ಒಂದೆರಡು ಗಂಟೆಯಾದರೂ ಕಲಿಸಿದರೆ, ಅದರ ಫಲ ಅವನೊಬ್ಬನಿಗೇ ಸಲ್ಲುವುದಿಲ್ಲ. ತನ್ನ ನಾಳೆಯ ಚಿಂತೆ ಇಲ್ಲದವನು ಮಾತ್ರ ಇನ್ನೊಬ್ಬರ ಇಂದಿನ ನೋವಿಗೆ ಪೂರ್ತಿಯಾಗಿ ಕಿವಿಗೊಡಬಲ್ಲನು.